ನಾಲ್ಕು ನಲವತ್ತರ ಬಸ್ಸಿಗೆ ಮೊದಲು ಒಂದು ಪೀರಿಯಡ್ ಕೊಡಿ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ಮತ್ತು ಇಲಾಖೆಯ ಆಯುಕ್ತರಿಗೆ,

ನಮಸ್ಕಾರ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತದ ಟೀಚರ್. ಹದಿನೆಂಟು ವರ್ಷ ಆಯ್ತು. ಶಾಲೆಯ ಹೆಸರು, ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಇದು ಒಂದು ಶಾಲೆಯ ಫೈಲಾಗುತ್ತದೆ, ವಿವರಣೆ ಕೇಳಿ ಒಂದು ನೋಟಿಸ್ ಬರುತ್ತದೆ, ಅಲ್ಲಿಗೆ ಮುಗಿಯುತ್ತದೆ.

ನಾನು ಕೇಳುವುದು ಒಂದೇ. ಮೊದಲೇ ಹೇಳಿಬಿಡುತ್ತೇನೆ, ಪತ್ರ ಉದ್ದ ಇದೆ, ನಿಮಗೆ ಪುರುಸೊತ್ತು ಕಡಿಮೆ. ಪಾಠದ ಹೊರಗೆ ಮಗುವಿನ ಪಕ್ಕ ಕೂತು ಹೇಳಿಕೊಡುವ ಹೊತ್ತನ್ನು ವೇಳಾಪಟ್ಟಿಯೊಳಗೆ ತನ್ನಿ. ವಾರಕ್ಕೆ ಎರಡು ಪೀರಿಯಡ್ ಸಾಕು. ಶಾಲೆ ಬಿಟ್ಟ ಮೇಲೆ ಬೇಡ, ಶಾಲೆಯ ಹೊತ್ತಿನಲ್ಲೇ ಇರಲಿ. ರಜೆ ಬಿದ್ದ ದಿನ ಅದೇ ಹೊತ್ತು ಫೋನಿನಲ್ಲಿ ಇರಲಿ.

ಹೈಬ್ರಿಡ್ ಅನ್ನುವ ಶಬ್ದ ನಮ್ಮ ಕಡೆ ಭತ್ತದ ಬೀಜಕ್ಕೆ, ತೆಂಗಿನ ಸಸಿಗೆ ಇತ್ತು. 2021ರಲ್ಲಿ ಅದು ಶಾಲೆಗೂ ಬಂತು: ಅರ್ಧ ಪಾಠ ಶಾಲೆಯಲ್ಲಿ, ಅರ್ಧ ಫೋನಿನಲ್ಲಿ. ಕೊರೊನಾ ಹೋದ ಮೇಲೆ ಅದೂ ಹೋಯಿತು ಅಂತ ಬೆಂಗಳೂರಿನಲ್ಲಿ ಕೂತವರಿಗೆ ಅನ್ನಿಸಬಹುದು. ಇಲ್ಲಿ ಹೋಗಿಲ್ಲ. ಮಳೆಗಾಲ ಹಿಡಿಯಿತು ಅಂದರೆ ನಾಳೆ ಶಾಲೆ ಇದೆಯೋ ಇಲ್ಲವೋ ಅಂತ ಹೇಳುವುದು ಮೊಬೈಲ್. ರಾತ್ರಿ ಒಂಬತ್ತಕ್ಕೋ, ಬೆಳಗ್ಗೆ ಆರೂವರೆಗೋ ಗ್ರೂಪಿನಲ್ಲಿ ಮೆಸೇಜ್ ಬೀಳುತ್ತದೆ: ಜಿಲ್ಲಾಧಿಕಾರಿಗಳ ಆದೇಶ, ನಾಳೆ ರಜೆ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಜನ ಸತ್ತ ಮೇಲಂತೂ ಯಾರೂ ಈ ರಜೆಯ ಬಗ್ಗೆ ಗೊಣಗುವುದಿಲ್ಲ. ಹಳ್ಳ ದಾಟಿ, ಸಂಕ (ಕಾಲುಸೇತುವೆ) ದಾಟಿ ಬರುವ ಮಕ್ಕಳು ನಮ್ಮವರು. ರಜೆ ಸರಿಯೇ. ಆದರೆ ಆ ದಿನಗಳಲ್ಲಿ ನಾವು ವಾಟ್ಸಾಪಿನಲ್ಲಿ ಲೆಕ್ಕ ಕಳಿಸುತ್ತೇವೆ, ಸಿಗ್ನಲ್ ಇದ್ದ ಮಕ್ಕಳು ಬಿಡಿಸಿ ಫೋಟೋ ಹಾಕುತ್ತಾರೆ, ಮಳೆ ಬಿಟ್ಟ ಮೇಲೆ ತರಗತಿಯಲ್ಲಿ ಅಲ್ಲಿಂದ ಮುಂದೆ ಹೋಗುತ್ತೇವೆ. ಅರ್ಧ ಶಾಲೆ, ಅರ್ಧ ಫೋನು. ಈಗ ಇದನ್ನು ಹೈಬ್ರಿಡ್ ಅಂತ ಯಾರೂ ಕರೆಯುವುದಿಲ್ಲ, ಅಷ್ಟೇ.

ಮೊದಲು ಕೊರೊನಾ ಕಾಲಕ್ಕೆ ಹೋಗುತ್ತೇನೆ, ಯಾಕೆಂದರೆ ನಾನು ಈ ವಿಷಯ ಕಲಿತದ್ದು ಆಗಲೇ.

2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಜುಲೈನಲ್ಲಿ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ ಶುರುವಾಯಿತು. ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ಮನೆಯಲ್ಲಿ ಎಂಥ ಫೋನ್ ಇದೆ ಅಂತ ನೋಡಿ ಮಕ್ಕಳ ಗುಂಪು ಮಾಡಿ, ನಾವೇ ಕೇರಿಗಳಿಗೆ ಹೋಗಿ, ದೇವಸ್ಥಾನದ ಕಟ್ಟೆಯ ಮೇಲೆ, ಯಾರದೋ ಮನೆಯ ಜಗಲಿಯಲ್ಲಿ ಪಾಠ ಮಾಡಿದೆವು. ಅಕ್ಟೋಬರ್‌ನಲ್ಲಿ ಸೋಂಕಿನ ಭಯಕ್ಕೆ ಅದು ನಿಂತಿತು. 2021ರ ಜನವರಿ 1ಕ್ಕೆ ಹತ್ತನೆಯವರು ಶಾಲೆಗೆ ಬಂದರು, ಎರಡನೇ ಅಲೆ ಬಂದಾಗ ಮತ್ತೆ ಮನೆಗೆ ಹೋದರು. ಜುಲೈ 19 ಮತ್ತು 22, ಎರಡೇ ದಿನದಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಯಿತು. ಆಗಸ್ಟ್ 23ರಿಂದ ರಾಜ್ಯದಲ್ಲಿ ಒಂಬತ್ತು, ಹತ್ತನೇ ತರಗತಿ ತೆರೆಯಲು ಶುರುವಾಯಿತು. ಹಾಜರಿ ಕಡ್ಡಾಯ ಇರಲಿಲ್ಲ. ಅಪ್ಪ ಅಮ್ಮನ ಒಪ್ಪಿಗೆ ಪತ್ರ ತಂದವರು ಬರಬಹುದು, ಉಳಿದವರು ಮನೆಯಿಂದಲೇ. ಬೆಳಗ್ಗೆ ಎದುರಿಗೆ ಕೂತವರಿಗೆ ಪಾಠ, ಸಂಜೆ ಅದನ್ನೇ ಫೋನಿನಲ್ಲಿ ಉಳಿದವರಿಗೆ.

ಆ ವರ್ಷ ಜೂನ್‌ನಲ್ಲಿ ಸುಳ್ಯ ಕಡೆಯ ಒಂದು ಫೋಟೋ ಎಲ್ಲರ ಮೊಬೈಲಿಗೂ ಬಂದಿತ್ತು, ನೆನಪಿದೆಯಾ? ರಸ್ತೆ ಬದಿಯಲ್ಲಿ ಮಗಳು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ಜೋರು ಮಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ನೋಡಿದವರೆಲ್ಲ ಮೆಚ್ಚಿದರು. ನನಗೆ ಬೇರೆ ಯೋಚನೆ ಬಂತು. ಆ ಮಗುವಿಗೆ ಪಾಠದ ನಡುವೆ ಏನೋ ಗೊತ್ತಾಗಲಿಲ್ಲ ಅಂದುಕೊಳ್ಳಿ. ಆ ಮಳೆಯಲ್ಲಿ ಅವಳು ಕೇಳುವುದಾದರೂ ಯಾರನ್ನು?

ಒಂಬತ್ತನೇ ತರಗತಿಯ ಒಬ್ಬಳು ಹುಡುಗಿ ಇದ್ದಳು. ಕೊನೆಯಿಂದ ಎರಡನೇ ಸಾಲು. ಎರಡು ವರ್ಷದಲ್ಲಿ ನನ್ನ ಹತ್ತಿರ ಅವಳು ಆಡಿದ ಮಾತು ಅಂದರೆ ‘ಹಾಜರ್ ಟೀಚರ್’ ಒಂದೇ. ನವೆಂಬರ್ ತಿಂಗಳು. ರಾತ್ರಿ ಹತ್ತಕ್ಕೆ ಹತ್ತಿರ ಅವಳಿಂದ ಒಂದು ವಾಯ್ಸ್ ಮೆಸೇಜ್ ಬಂತು. ನಮ್ಮ ಕಡೆ ಅದು ಅಡಿಕೆ ಸುಲಿಯುವ ಕಾಲ. ಮೆಟ್ಟುಗತ್ತಿ ಹಿಡಿದು ರಾತ್ರಿ ಹನ್ನೊಂದರವರೆಗೂ ಸಾಲಾಗಿ ಕೂತು ಸುಲಿಯುತ್ತಾರೆ. ಮೆಸೇಜಿನಲ್ಲಿ ಮೊದಲು ಅದೇ ಸದ್ದು, ಹೆಂಗಸರ ಮಾತು, ಯಾರದೋ ನಗು. ಆಮೇಲೆ ಪಿಸುಮಾತಿನಲ್ಲಿ ಅವಳ ಪ್ರಶ್ನೆ.

‘ಟೀಚರ್, ಆ ಕಡೆ ಹೋದ್ರೆ ಮೈನಸ್ಸು ಪ್ಲಸ್ಸು ಆಗ್ತದೆ ಅಂತ ಹೇಳ್ತೀರಲ್ಲ. ಯಾಕೆ ಆಗ್ತದೆ?’

ಪಕ್ಷಾಂತರ ಮಾಡಿದರೆ ಚಿಹ್ನೆ ಬದಲಾಗುತ್ತದೆ. ಸಮೀಕರಣ ಬಿಡಿಸುವಾಗ ನಾವು ಹೇಳಿಕೊಡುವ ಮಂತ್ರ ಇದು. (ಸಚಿವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.) ನಾನೂ ಹದಿನಾಲ್ಕು ವರ್ಷ ಅದನ್ನೇ ಹೇಳಿಕೊಂಡು ಬಂದಿದ್ದೆ. ಮಕ್ಕಳು ಅದನ್ನೇ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಸರಿ ಬರೆದು, ಪಾಸಾಗಿ ಹೋಗಿದ್ದರು.

ಫೋನ್ ಹಚ್ಚಿದೆ. ‘ನಿಮ್ಮೂರಿನ ಅಂಗಡಿಯಲ್ಲಿ ತಕ್ಕಡಿ ನೋಡಿದ್ದೀಯಲ್ಲ?’ ಅಂದೆ. ‘ಹ್ಞೂಂ.’ ‘ಒಂದು ತಟ್ಟೆಯಲ್ಲಿ 3 ಎಕ್ಸ್, ಆದರೆ ಐದು ಕಡಿಮೆ ಇದೆ. ಇನ್ನೊಂದು ತಟ್ಟೆಯಲ್ಲಿ ಹತ್ತು ಇದೆ. ತಕ್ಕಡಿ ಸಮ ನಿಂತಿದೆ. ಈ ಕಡೆಯ ಕೊರತೆ ತುಂಬಬೇಕಾದರೆ ಏನು ಮಾಡ್ತೀಯ?’ ‘ಐದು ಹಾಕ್ತೆ.’ ‘ಬರೀ ಈ ಕಡೆಗೆ ಹಾಕಿದರೆ?’ ‘ವಾಲ್ತದೆ.’ ‘ಹಾಗಾದರೆ?’ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಅಡಿಕೆ ಸುಲಿಯುವ ಸದ್ದು ಮಾತ್ರ. ‘ಆ ಕಡೆಗೂ ಐದು ಹಾಕ್ಬೇಕು. ಹದಿನೈದು. 3 ಎಕ್ಸ್ ಹದಿನೈದು. ಎಕ್ಸ್ ಐದು.’ ಮತ್ತೆ ಮಾತಿಲ್ಲ. ಆಮೇಲೆ ಪಿಸುಮಾತು ಮರೆತು ಜೋರಾಗೇ ಹೇಳಿದಳು: ‘ಟೀಚರ್, ಹಾಗಾದ್ರೆ ಅದು ಆ ಕಡೆಗೆ ಹೋಗುದೇ ಇಲ್ಲ!’

ಹೋಗುವುದೇ ಇಲ್ಲ, ನಿಜ. ಎರಡೂ ಕಡೆ ಒಂದನ್ನೇ ಕೂಡುತ್ತೇವೆ, ಈ ಕಡೆಯದು ಸೊನ್ನೆಯಾಗಿ ಕಾಣದಾಗುತ್ತದೆ. ನಾನು ಬಿ.ಇಡಿ. ಮುಗಿಸಿ ಬಂದವಳು, ಈ ಹುಡುಗಿ ಅಡಿಕೆ ರಾಶಿಯ ಪಕ್ಕ ಕೂತು ನನಗೆ ಅದನ್ನು ಹೇಳಿದಳು. ಒಟ್ಟು ಎಂಟು ನಿಮಿಷದ ಫೋನು.

‘ಇದನ್ನು ಕ್ಲಾಸಿನಲ್ಲೇ ಯಾಕೆ ಕೇಳಲಿಲ್ಲ?’ ಅಂದೆ. ‘ಎಲ್ಲರಿಗೂ ಗೊತ್ತಿತ್ತಲ್ಲ ಟೀಚರ್’ ಅಂದಳು. ಮರುದಿನ ಶಾಲೆಗೆ ಬಂದಿದ್ದ ಹತ್ತೊಂಬತ್ತು ಮಕ್ಕಳನ್ನು ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ.

ಆ ಚಳಿಗಾಲ ಇಂಥ ಫೋನು ತುಂಬಾ ಬಂದವು. ಕೇಳಿದವರು ಹೆಚ್ಚಾಗಿ ತರಗತಿಯಲ್ಲಿ ಬಾಯಿ ಬಿಡದ ಮಕ್ಕಳೇ. ಫೋನಿನಲ್ಲಿ ಮುಖ ಕಾಣುವುದಿಲ್ಲ, ಪಕ್ಕದಲ್ಲಿ ನಗುವವರು ಇರುವುದಿಲ್ಲ. ಐದನೇ ತರಗತಿಯ ಭಿನ್ನರಾಶಿಯ ಪ್ರಶ್ನೆಯನ್ನು ಹತ್ತನೇ ತರಗತಿಯ ಹುಡುಗ ಕೇಳಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಮೂರರಲ್ಲಿ ಒಂದು, ನಾಲ್ಕರಲ್ಲಿ ಒಂದು ಕೂಡಿಸಿ ಏಳರಲ್ಲಿ ಎರಡು ಅಂತ ಬರೆಯುವವನು ಇದ್ದ. ಐದು ವರ್ಷ ಹಾಗೇ ಬರೆದುಕೊಂಡು ಬಂದಿದ್ದ. ತಪ್ಪು ಅಂತ ಕೆಂಪು ಇಂಕಿನಲ್ಲಿ ಗೀಟು ಎಳೆದವರು ಬಹಳ ಜನ, ನಾನೂ ಒಬ್ಬಳು. ಯಾಕೆ ಹಾಗೆ ಬರೆದೆ ಅಂತ ಕೇಳಿದವರು ಇರಲಿಲ್ಲ.

ಎಲ್ಲಾ ಚೆನ್ನಾಗಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ನನ್ನದೇ ಒಂದು ತಪ್ಪು ಹೇಳಬೇಕು. ಒಬ್ಬ ಹುಡುಗ ಮೂರು ವಾರ ಹೋಂವರ್ಕ್ ಕಳಿಸಲಿಲ್ಲ. ಗ್ರೂಪಿನಲ್ಲಿ, ಎಲ್ಲರ ಎದುರಿಗೆ, ‘ನಿನಗೆ ಆಟ ಆಡಲು ಫೋನ್ ಸಿಗುತ್ತದೆ, ಲೆಕ್ಕಕ್ಕೆ ಸಿಗುವುದಿಲ್ಲವಾ?’ ಅಂತ ಬರೆದೆ. ಅವನ ಅಪ್ಪ ಗೋವಾಕ್ಕೆ ಗಾರೆ ಕೆಲಸಕ್ಕೆ ಹೋಗಿದ್ದರು. ಮನೆಯ ಒಂದೇ ಒಂದು ದೊಡ್ಡ ಫೋನು ಅವರ ಜೊತೆ ಹೋಗಿತ್ತು. ನನ್ನ ಮೆಸೇಜನ್ನು ಓದಿದ್ದು ಮಗ ಅಲ್ಲ, ಗೋವಾದಲ್ಲಿ ಅಪ್ಪ. ರಾತ್ರಿ ಅವರೇ ಫೋನ್ ಮಾಡಿ, ‘ಅಕ್ಕೋರೆ, ಹುಡುಗನ್ನ ಬೈಬೇಡಿ, ತಪ್ಪು ನಂದು’ ಅಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಮನೆಯಲ್ಲಿ ಅಜ್ಜಿಯ ಗುಂಡಿ ಒತ್ತುವ ಫೋನ್ ಇದೆ ಅಂತ ಆಮೇಲೆ ಗೊತ್ತಾಯಿತು. ಅದಕ್ಕೆ ಫೋನ್ ಮಾಡಿದೆ. ವಾರಕ್ಕೊಂದು ದಿನ, ಹದಿನೈದು ಇಪ್ಪತ್ತು ನಿಮಿಷ. ಚಿತ್ರ ಇಲ್ಲ, ವಿಡಿಯೋ ಇಲ್ಲ. ಅವನು ಬರೆದದ್ದನ್ನು ಓದಿ ಹೇಳುತ್ತಿದ್ದ, ನಾನು ಇಲ್ಲಿ ಬರೆದುಕೊಳ್ಳುತ್ತಿದ್ದೆ. ಮಾರ್ಚ್ ಹೊತ್ತಿಗೆ ಆ ಹುಡುಗ ವರ್ಗ ಸಮೀಕರಣ ಬಿಡಿಸುತ್ತಿದ್ದ.

ಇದು ನನ್ನೊಬ್ಬಳ ಅನುಭವ ಅಂತ ತಳ್ಳಿಹಾಕಬೇಡಿ. ಆಫ್ರಿಕಾದ ಬೋಟ್ಸ್ವಾನಾ ದೇಶದಲ್ಲಿ 2020ರಲ್ಲಿ ಶಾಲೆ ಮುಚ್ಚಿದಾಗ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ಕೆಲವು ಮನೆಗಳಿಗೆ ವಾರಕ್ಕೊಂದು ಎಸ್‌ಎಂಎಸ್‌ನಲ್ಲಿ ಲೆಕ್ಕ ಮಾತ್ರ. ಇನ್ನು ಕೆಲವು ಮನೆಗಳಿಗೆ ಎಸ್‌ಎಂಎಸ್ ಜೊತೆಗೆ ಸುಮಾರು ಇಪ್ಪತ್ತು ನಿಮಿಷದ ಒಂದು ಫೋನು. ಇಂಟರ್ನೆಟ್ ಇಲ್ಲ, ಸಾದಾ ಫೋನು. ಫೋನ್ ಹೋದ ಮನೆಯ ಮಕ್ಕಳ ಲೆಕ್ಕ ಸುಧಾರಿಸಿತು. ಬರೀ ಎಸ್‌ಎಂಎಸ್ ಹೋದ ಮನೆಯಲ್ಲಿ ಹೇಳಿಕೊಳ್ಳುವಂಥದ್ದು ಆಗಲಿಲ್ಲ. ಆಮೇಲೆ ಭಾರತವೂ ಸೇರಿ ಇನ್ನೂ ಐದು ದೇಶಗಳಲ್ಲಿ ಫೋನಿನ ಪಾಠವನ್ನು ಹೀಗೇ ಮಾಡಿ ನೋಡಿದರು, ಅಲ್ಲೂ ಮಕ್ಕಳಿಗೆ ಪ್ರಯೋಜನ ಆಯಿತು. ನಾವು ವಾಟ್ಸಾಪ್ ಗ್ರೂಪಿಗೆ ವರ್ಕ್‌ಶೀಟ್ ಹಾಕಿ ಕೈ ತೊಳೆದುಕೊಂಡಿದ್ದು ಬರೀ ಎಸ್‌ಎಂಎಸ್ ಕಳಿಸಿದ ಹಾಗೆ. ಆ ಕಡೆ ಒಬ್ಬರು ಕೂತು ‘ಹ್ಞೂಂ, ಆಮೇಲೆ?’ ಅಂತ ಕೇಳಿದಾಗಲೇ ಏನಾದರೂ ಆಗಿದ್ದು.

ಇನ್ನು ನಮ್ಮ ಕಡೆಯ ಕಥೆ. ಆ ಫೋನೆಲ್ಲ ಬರುತ್ತಿದ್ದದ್ದು ರಾತ್ರಿ. ಅಪ್ಪ ಕೆಲಸದಿಂದ ಬಂದ ಮೇಲೆಯೇ ಮಕ್ಕಳಿಗೆ ಫೋನ್ ಸಿಗುವುದು. ದಿನದ ಒಂದೂವರೆ ಜಿಬಿ ಅಷ್ಟರಲ್ಲಿ ಅರ್ಧ ಖಾಲಿಯಾಗಿರುತ್ತದೆ. ನೋಟ್‌ಬುಕ್ಕಿನ ಫೋಟೋ ತಲೆಕೆಳಗಾಗಿ ಬರುತ್ತದೆ, ಮೂಲೆಯಲ್ಲಿ ಹೆಬ್ಬೆರಳು, ಮೇಲೆ ಬಲ್ಬಿನ ಬೆಳಕು. ಅದನ್ನು ದೊಡ್ಡದು ಮಾಡಿ, ತಿರುಗಿಸಿ, ಬೆರಳಲ್ಲೇ ಗೀಚಿ ವಾಪಸ್ ಕಳಿಸಬೇಕು. ಮೂವತ್ತು ಮಕ್ಕಳು ಅಂದರೆ ಹನ್ನೊಂದೂವರೆ. ನನ್ನ ಮಗ ಆಗ ಏಳನೇ ತರಗತಿ. ಅವನೂ ಗಣಿತದಲ್ಲಿ ಹಿಂದೆ ಬಿದ್ದಿದ್ದ. ‘ಅಮ್ಮಾ, ನಾನೂ ಒಂದು ಮೆಸೇಜ್ ಹಾಕಲಾ?’ ಅಂತ ಒಂದು ದಿನ ಕೇಳಿದ. ತಮಾಷೆಗೆ ಕೇಳಿದ್ದು. ನಾನು ನಕ್ಕೆ, ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮಾಡಿದ್ದಕ್ಕೆ ಹೊಗಳಿಕೆ ಬೇಡ. ನನ್ನ ಹಾಗೆ ಮಾಡಿದವರು ತಾಲ್ಲೂಕಿಗೆ ಐವತ್ತು ಜನ ಸಿಗುತ್ತಾರೆ. ಬೆಳಗ್ಗೆ ಐದಕ್ಕೆ ಫೋನ್ ಮಾಡಿ ಹತ್ತನೆಯವರನ್ನು ಓದಲು ಎಬ್ಬಿಸುವ ಮಾಸ್ತರರು ಇದ್ದಾರೆ. ರಾತ್ರಿ ಟಾರ್ಚ್ ಹಿಡಿದು ಮಕ್ಕಳ ಮನೆಗೆ ಹೋಗಿ ಓದುತ್ತಿದ್ದಾರಾ ಅಂತ ನೋಡಿ ಬರುವವರು ಇದ್ದಾರೆ. ಅತಿಥಿ ಶಿಕ್ಷಕರು ಕೂಡ ಇದನ್ನೆಲ್ಲ ಮಾಡುತ್ತಾರೆ, ಅವರ ಗೌರವಧನ ಎಷ್ಟು ಅಂತ ನಿಮಗೆ ಗೊತ್ತು. ನನ್ನ ಸಂಕಟ ಏನೆಂದರೆ, ಇದೆಲ್ಲ ನಡೆಯುವುದು ಯಾರೋ ಒಬ್ಬ ಟೀಚರಿನ ಮನಸ್ಸು ಒಳ್ಳೆಯದಿದೆ ಅಂತ. ಆ ಟೀಚರಿಗೆ ವರ್ಗ ಆದರೆ, ಅಥವಾ ಅವರ ಅತ್ತೆಗೆ ಹುಷಾರು ತಪ್ಪಿದರೆ, ಅಡಿಕೆ ಸುಲಿಯುವ ಹುಡುಗಿಯ ಪ್ರಶ್ನೆ ಕೇಳುವವರಿಲ್ಲ.

ಕಾನೂನು ಏನು ಹೇಳುತ್ತದೆ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಂ ಶಿಕ್ಷಕರ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ಪ್ರತಿ ಮಗುವಿನ ಕಲಿಕೆಯ ಮಟ್ಟ ನೋಡಿ, ಬೇಕಾದಲ್ಲಿ ಹೆಚ್ಚುವರಿ ಬೋಧನೆ ಕೊಡಬೇಕು ಅನ್ನುವುದು ಅದರಲ್ಲಿ ಒಂದು. ಒಪ್ಪಿದೆ, ಕೊಡುತ್ತೇವೆ. ಅದೇ ಕಾಯ್ದೆಯ ಅನುಸೂಚಿಯಲ್ಲಿ ಶಿಕ್ಷಕರ ಕೆಲಸದ ಹೊತ್ತು ವಾರಕ್ಕೆ ಕನಿಷ್ಠ 45 ಗಂಟೆ ಅಂತ ಇದೆ, ಪಾಠದ ತಯಾರಿಯೂ ಅದರೊಳಗೇ ಬರುತ್ತದೆ. ಈ ಹೆಚ್ಚುವರಿ ಬೋಧನೆ ಎಲ್ಲಿ ಬರುತ್ತದೆ? ಆ 45ರ ಒಳಗಾ, ಹೊರಗಾ? 28ನೇ ಕಲಂ ನಾವು ಖಾಸಗಿ ಟ್ಯೂಷನ್ ಹೇಳಬಾರದು ಅನ್ನುತ್ತದೆ. ಒಳ್ಳೆಯ ಮಾತು, ಅದು ಹಾಗೇ ಇರಲಿ. ಆದರೆ ದುಡ್ಡು ತಗೊಂಡು ಹೇಳಿಕೊಡುವ ಬಾಗಿಲನ್ನು ಮುಚ್ಚಿದ ಮೇಲೆ, ದುಡ್ಡಿಲ್ಲದೆ ಹೇಳಿಕೊಡುವ ಬಾಗಿಲಿಗೆ ಒಂದು ಹೊತ್ತು, ಒಂದು ಜಾಗ ಕೊಡಬೇಕಲ್ವಾ? ಪಟ್ಟಣದ ಮಗು ಟ್ಯೂಷನ್ನಿಗೆ ಹೋಗುತ್ತದೆ. ನಮ್ಮೂರಿನಲ್ಲಿ ಟ್ಯೂಷನ್ನೇ ಇಲ್ಲ. ಈ ಕಾಯ್ದೆ ಎಂಟನೇ ತರಗತಿಯವರೆಗೆ ಮಾತ್ರ ಅಂತ ನೀವು ಹೇಳಬಹುದು. ನಮ್ಮ ಶಾಲೆ ಶುರುವಾಗುವುದೇ ಎಂಟರಿಂದ. ಒಂದು ತರಗತಿಗೆ ಅನ್ವಯ, ಎರಡಕ್ಕಿಲ್ಲ ಅಂತ ನಾನು ಮಕ್ಕಳಿಗೆ ಹೇಗೆ ಹೇಳಲಿ?

ಪರಿಹಾರ ಬೋಧನೆ ಇದೆ, ವಿಶೇಷ ತರಗತಿ ಇದೆ, ಜೂನ್‌ನಲ್ಲಿ ಹಿಂದಿನ ತರಗತಿಯ ಪಾಠ ನೆನಪಿಸುವ ಸೇತುಬಂಧ ಇದೆ, 2022ರಲ್ಲಿ ಕಲಿಕಾ ಚೇತರಿಕೆ ಬಂದಿತ್ತು. ಕಲಿಕಾ ಚೇತರಿಕೆಯ ಬಗ್ಗೆ ನನಗೆ ಗೌರವ ಇದೆ. ಹಿಂದಿನ ವರ್ಷಗಳಲ್ಲಿ ಬಿಟ್ಟುಹೋದದ್ದನ್ನು ಮೊದಲು ಕಲಿಸಿ ಅಂತ ಬಾಯಿಬಿಟ್ಟು ಹೇಳಿದ ಕಾರ್ಯಕ್ರಮ ಅದು. ಹಳ್ಳಿಯ ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯಲ್ಲಿ ಆ ವರ್ಷ ದೇಶದ ಹಳ್ಳಿಗಳ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು ಶೇ 20.5 ಇದ್ದರು, 2018ರಲ್ಲಿ ಅದು ಶೇ 27.3 ಇತ್ತು. ಆ ಸಾಲಿನ ಮಕ್ಕಳು 2027ರಲ್ಲಿ ನನ್ನ ಎಂಟನೇ ತರಗತಿಯ ಬೆಂಚಿಗೆ ಬರುವವರು. ಅವರಿಗೆ ಬಹುಪದೋಕ್ತಿ ಕಲಿಸುವ ಮೊದಲು ಪ್ರಶ್ನೆ ಓದಲು ಬರುತ್ತದಾ ಅಂತ ನೋಡಬೇಕು. ಅದನ್ನು ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ, ನಲವತ್ತು ಮಕ್ಕಳ ನಡುವೆ ನೋಡಲು ಆಗುವುದಿಲ್ಲ.

ವಿಶೇಷ ತರಗತಿ ಈಗ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಸಂಜೆ ಶಾಲೆ ಬಿಟ್ಟ ಮೇಲೆ ಒಂದು ಗಂಟೆ. ನಮ್ಮೂರಿಗೆ ಬಸ್ಸು ನಾಲ್ಕು ನಲವತ್ತಕ್ಕೆ. ಆಮೇಲಿನ ಬಸ್ಸು ಏಳೂಕಾಲಿಗೆ, ಅದೂ ಬಂದರೆ ಬಂತು. ನನ್ನ ಹತ್ತಿರ ಹೆಚ್ಚು ಸಹಾಯ ಬೇಕಾದ ಮಕ್ಕಳು ಯಾರು? ದೂರದ ಮಜಿರೆಗಳಿಂದ ಬರುವವರು, ಬಸ್ಸಿಳಿದು ಕಾಡಿನ ದಾರಿಯಲ್ಲಿ ಮೂರು ನಾಲ್ಕು ಕಿಲೋಮೀಟರ್ ನಡೆಯುವವರು. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟಿನ ಚಿಂತೆ ಇಲ್ಲ, ಕತ್ತಲಿನ ಚಿಂತೆ ಹಾಗೇ ಇದೆ. ಹಾಗಾಗಿ ಸಂಜೆಯ ವಿಶೇಷ ತರಗತಿಯಲ್ಲಿ ಕೂರುವವರು ಶಾಲೆಯ ಹತ್ತಿರ ಮನೆ ಇರುವವರು. ಅವರಲ್ಲಿ ಅರ್ಧ ಜನಕ್ಕೆ ಅದು ಬೇಕಾಗಿಲ್ಲ. ಬೇಕಾದವರು ನಾಲ್ಕು ಮೂವತ್ತೈದಕ್ಕೆ ಚೀಲ ಹಿಡಿದು ಓಡುತ್ತಿರುತ್ತಾರೆ. ಕಿಟಕಿಯಿಂದ ನೋಡುತ್ತೇನೆ.

ಹಸಿವಿನದೂ ಇದೆ. ಬಿಸಿಯೂಟ ಮಧ್ಯಾಹ್ನಕ್ಕೆ ಆಗುತ್ತದೆ. ಸಂಜೆ ಐದಕ್ಕೆ ತ್ರಿಕೋನಮಿತಿ ತಲೆಗೆ ಹತ್ತುವುದಿಲ್ಲ. ಎರಡು ವರ್ಷ ನಮ್ಮ ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಹತ್ತನೆಯವರಿಗೆ ಸಂಜೆ ಅವಲಕ್ಕಿ ಕೊಟ್ಟರು. ಮೂರನೇ ವರ್ಷ ದುಡ್ಡು ಸಾಲಲಿಲ್ಲ. ಸಾಲದ ದಿನಗಳಲ್ಲಿ ಹಾಜರಿಯೂ ಇಳಿಯಿತು. ಅಷ್ಟು ಸರಳ.

ಮತ್ತೊಂದು ವಿಷಯ ಬರೆಯಲೋ ಬೇಡವೋ ಅಂತ ಯೋಚಿಸಿದೆ. ಬರೆಯುತ್ತೇನೆ. ವಿಶೇಷ ತರಗತಿಗೆ ಮೊದಲು ಒಂದು ಪಟ್ಟಿ ಮಾಡಬೇಕು, ‘ನಿಧಾನ ಕಲಿಕೆಯವರು’ ಅಂತ. ಆಮೇಲೆ ತರಗತಿ ನಡೆದಿದೆ ಅಂತ ಫೋಟೋ ಕಳಿಸಬೇಕು. ಒಂದು ವರ್ಷ, ನೋಡಲು ಬಂದ ಒಬ್ಬ ಅಧಿಕಾರಿ ಆ ಪಟ್ಟಿಯ ಮಕ್ಕಳನ್ನು ಎದ್ದು ನಿಲ್ಲಿಸಿ, ಬೇರೆ ಬೆಂಚಿಗೆ ಕೂರಿಸಿ ಫೋಟೋ ತೆಗೆಸಿದರು. ಕೆಟ್ಟ ಮನುಷ್ಯ ಅಲ್ಲ, ಮೇಲಿನವರಿಗೆ ತೋರಿಸಬೇಕಿತ್ತು. ಒಬ್ಬ ಹುಡುಗ ಜ್ಯಾಮಿತಿ ಪೆಟ್ಟಿಗೆ ಹುಡುಕುವವನ ಹಾಗೆ ಬಗ್ಗಿ, ಕೊನೆಯವರೆಗೂ ತಲೆ ಎತ್ತಲಿಲ್ಲ. ಮರುದಿನದಿಂದ ವಿಶೇಷ ತರಗತಿಗೆ ಬರಲಿಲ್ಲ. ಕರೆದರೆ, ‘ಮನೆಲಿ ಕೆಲಸ ಇದೆ ಟೀಚರ್’ ಅನ್ನುತ್ತಿದ್ದ. ಅದೇ ಹುಡುಗ ರಾತ್ರಿ ಫೋನಿನಲ್ಲಿ ಲೆಕ್ಕ ಕೇಳುತ್ತಿದ್ದ, ಏನೂ ಆಗಿಲ್ಲವೆಂಬಂತೆ.

ಹಾಗಾಗಿ ನಾನು ಕೇಳುವುದನ್ನು ಬಿಡಿಸಿ ಹೇಳುತ್ತೇನೆ. ಪ್ರೌಢಶಾಲೆಯ ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಪೀರಿಯಡ್ ‘ಡೌಟ್’ ಅಂತಲೇ ಬರೆಯಿರಿ. ಶುದ್ಧ ಕನ್ನಡದ ಹೆಸರು ಹುಡುಕಿ ಕಾರ್ಯಕ್ರಮ ಉದ್ಘಾಟನೆ ಮಾಡುವುದು ಬೇಡ, ಮಕ್ಕಳು ಡೌಟ್ ಅಂತಲೇ ಹೇಳುವುದು. ಆ ಹೊತ್ತಿನಲ್ಲಿ ಎಲ್ಲ ವಿಷಯದ ಶಿಕ್ಷಕರೂ ಒಂದೊಂದು ಕಡೆ ಕೂತಿರುತ್ತಾರೆ, ಮರದ ಕೆಳಗೆ, ಗ್ರಂಥಾಲಯದಲ್ಲಿ, ಪ್ರಯೋಗಾಲಯದಲ್ಲಿ. ಮಗು ತನಗೆ ಬೇಕಾದವರ ಹತ್ತಿರ ಹೋಗುತ್ತದೆ. ಜಾಣ ಮಗುವೂ ಬರುತ್ತದೆ, ಹಿಂದೆ ಬಿದ್ದ ಮಗುವೂ ಬರುತ್ತದೆ. ಪಟ್ಟಿ ಇಲ್ಲ, ಬೇರೆ ಬೆಂಚಿಲ್ಲ. ಯಾರು ಯಾಕೆ ಬಂದರು ಅಂತ ಪಕ್ಕದವರಿಗೆ ತಿಳಿಯುವುದಿಲ್ಲ.

ಈ ಎರಡು ಪೀರಿಯಡ್ ಎಲ್ಲಿಂದ ತರುವುದು ಅಂತ ಕೇಳುತ್ತೀರಿ. ನಮ್ಮ ಶಾಲೆಯಲ್ಲಿ ಒಂದು ವರ್ಷ, ಮುಖ್ಯ ಶಿಕ್ಷಕರು ಒಪ್ಪಿದ್ದರಿಂದ, ಇದನ್ನು ನಾವೇ ಮಾಡಿ ನೋಡಿದೆವು. ಗಣಿತದ್ದು ಒಂದು, ವಿಜ್ಞಾನದ್ದು ಒಂದು ಪೀರಿಯಡ್ ಬಿಟ್ಟುಕೊಟ್ಟೆವು. ಪಠ್ಯ ಮುಗಿಯುವುದಿಲ್ಲ ಅಂತ ನನಗೇ ಹೆದರಿಕೆ ಇತ್ತು. ಜನವರಿಯಲ್ಲಿ ಮುಗಿಯಬೇಕಾದದ್ದು ಫೆಬ್ರವರಿ ಮೊದಲ ವಾರಕ್ಕೆ ಮುಗಿಯಿತು. ಸ್ವಲ್ಪ ತಡ, ನಿಜ. ಆದರೆ ಒಂದೇ ತಪ್ಪನ್ನು ಇಡೀ ತರಗತಿಗೆ ಮೂರು ಸಲ ತಿದ್ದುವ ಕೆಲಸ ಕಡಿಮೆಯಾಯಿತು. ಮುಖ್ಯ ಶಿಕ್ಷಕರಿಗೆ ವರ್ಗ ಆಯಿತು, ಅದೂ ನಿಂತಿತು. ಲಿಖಿತ ಆದೇಶ ಇದ್ದಿದ್ದರೆ ನಿಲ್ಲುತ್ತಿರಲಿಲ್ಲ.

ಎಲ್ಲ ಶಾಲೆಗೂ ಇದು ಸುಲಭ ಅಂತ ನಾನು ಹೇಳುವುದಿಲ್ಲ. ಗಣಿತದ ಹುದ್ದೆಯೇ ಖಾಲಿ ಇರುವ ಕಡೆ ಡೌಟ್ ಯಾರ ಹತ್ತಿರ ಕೇಳುವುದು? ಅದಕ್ಕೆ ನೇಮಕಾತಿಯೇ ಉತ್ತರ, ನನ್ನ ಹತ್ತಿರ ಬೇರೆ ಉಪಾಯ ಇಲ್ಲ. ಅತಿಥಿ ಶಿಕ್ಷಕರಿದ್ದರೆ ಈ ಎರಡು ಪೀರಿಯಡ್ಡನ್ನೂ ಅವರ ಕೆಲಸದ ಲೆಕ್ಕಕ್ಕೆ ಸೇರಿಸಿ.

ಇನ್ನು ಮಳೆ ರಜೆಯ ವಿಷಯ. ರಜೆ ಅಂದರೆ ರಜೆಯೇ ಇರಲಿ, ಆ ದಿನ ಆನ್‌ಲೈನ್ ಪಾಠ ಮಾಡಿ ಅಂತ ಸುತ್ತೋಲೆ ಕಳಿಸಬೇಡಿ. ನಮ್ಮಲ್ಲಿ ಮಳೆ ಬಂತೆಂದರೆ ಕರೆಂಟು ಹೋಗುತ್ತದೆ, ಕರೆಂಟು ಹೋದರೆ ಟವರೂ ಹೋಗುತ್ತದೆ. ಸಿಗ್ನಲಿಗಾಗಿ ಮಕ್ಕಳು ಗುಡ್ಡ ಹತ್ತುವುದು ಬೇಡ, ಅದೂ ಗುಡ್ಡ ಕುಸಿಯುವ ದಿನಗಳಲ್ಲಿ. ಬೆಳಗ್ಗೆ ಹನ್ನೊಂದರಿಂದ ಹನ್ನೆರಡು, ಒಂದು ಗಂಟೆ, ಟೀಚರಿನ ಫೋನ್ ತೆರೆದಿರುತ್ತದೆ ಅಂತ ಮಕ್ಕಳಿಗೆ ಮೊದಲೇ ಗೊತ್ತಿರಲಿ. ಸಾದಾ ಫೋನಿನಿಂದ ಮಿಸ್ಡ್ ಕಾಲ್ ಕೊಟ್ಟರೆ ಸಾಕು, ನಾವು ವಾಪಸ್ ಮಾಡುತ್ತೇವೆ. ಆ ಗಂಟೆಯನ್ನು ನಮ್ಮ ಕೆಲಸದ ಹೊತ್ತು ಅಂತ ಲೆಕ್ಕ ಹಾಕಿ. ಹಾಗೆ ಮಾಡಿದರೆ ರಾತ್ರಿ ಹತ್ತರ ಫೋನು ಕಡಿಮೆಯಾಗುತ್ತದೆ. ಪೂರ್ತಿ ನಿಲ್ಲುವುದಿಲ್ಲ, ಬಂದರೆ ನಾನು ಎತ್ತುತ್ತೇನೆ. ಆದರೆ ಎತ್ತದ ಟೀಚರನ್ನು ಯಾರೂ ಕೆಟ್ಟವರು ಅನ್ನುವಂತಾಗಬಾರದು.

ರಜೆ ಸರಿದೂಗಿಸಲು ಶನಿವಾರ ಇಡೀ ದಿನ ಶಾಲೆ ಮಾಡಿ ಅನ್ನುತ್ತಾರಲ್ಲ, ಆ ಶನಿವಾರದ ಮಧ್ಯಾಹ್ನವನ್ನು ಹೊಸ ಪಾಠಕ್ಕೆ ಬೇಡ, ಡೌಟಿಗೆ ಬಿಡಿ. 2025ರ ದಸರಾ ರಜೆ ಸರ್ಕಾರದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಾಗಿ ಅಕ್ಟೋಬರ್ 18ರವರೆಗೆ ಹಿಗ್ಗಿತು. ಮನೆಮನೆಗೆ ಹೋಗಿ ಎಣಿಸಿದವರು ನಾವೇ. ಆಮೇಲೆ ಹೆಚ್ಚುವರಿ ತರಗತಿ ಮಾಡಿ ಪಾಠ ಮುಗಿಸಿದವರೂ ನಾವೇ. ಪಾಠ ಮುಗಿಯಿತು. ಡೌಟ್ ಉಳಿಯಿತು.

ಕೊನೆಯದಾಗಿ ಲೆಕ್ಕಪತ್ರದ ಮಾತು. ಈ ಪೀರಿಯಡ್ಡಿಗೆ ಫೋಟೋ ಕೇಳಬೇಡಿ, ಅಪ್‌ಲೋಡ್ ಕೇಳಬೇಡಿ. ನಡೆಯುತ್ತಿದೆ ಅಂತ ಹೇಗೆ ನಂಬುವುದು ಅಂತೀರಾ? ನಿಮ್ಮ ಅಧಿಕಾರಿಗಳು ಬಂದಾಗ ಯಾವುದಾದರೂ ಮಗುವನ್ನು ಪಕ್ಕಕ್ಕೆ ಕರೆದು, ‘ಈ ವಾರ ಟೀಚರ್ ಹತ್ತಿರ ಏನು ಕೇಳಿದೆ?’ ಅಂತ ವಿಚಾರಿಸಲಿ. ಕೇಳಿದ ಮಗು ಹೇಳುತ್ತದೆ. ಕೇಳದ ಮಗು ಚಪ್ಪಲಿ ನೋಡಿಕೊಂಡು ನಿಲ್ಲುತ್ತದೆ. ಯಾವ ಫೋಟೋಗಿಂತಲೂ ಅದು ಪಕ್ಕಾ ದಾಖಲೆ.

ಆ ಅಡಿಕೆ ಸುಲಿಯುವ ಹುಡುಗಿ ಈಗ ಡಿಗ್ರಿ ಓದುತ್ತಿದ್ದಾಳೆ. ಗಣಿತ ತಗೊಂಡಿಲ್ಲ, ಕಾಮರ್ಸ್. ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು. ಅವಳ ತಮ್ಮ ಈ ವರ್ಷ ನನ್ನ ಎಂಟನೇ ತರಗತಿಯಲ್ಲಿದ್ದಾನೆ. ‘ಅವನೂ ಮಾತಾಡುದಿಲ್ಲ ಟೀಚರ್, ನನ್ನ ಹಾಗೇ’ ಅಂದಳು. ಅವನ ಮನೆಗೂ ನಾಲ್ಕು ನಲವತ್ತರ ಬಸ್ಸೇ.

ಇದನ್ನು ಬರೆಯುತ್ತಿರುವಾಗಲೇ ಗ್ರೂಪಿನಲ್ಲಿ ಮೆಸೇಜ್ ಬಿತ್ತು. ನಾಳೆ ರಜೆ. ಏಳು ಮನೆಗೆ ಫೋನ್ ಮಾಡಬೇಕು, ಮೊದಲು ಆ ಹುಡುಗಿಯ ತಮ್ಮನ ಮನೆಗೇ. ಹನ್ನೊಂದರ ಒಳಗೆ ಕರೆಂಟು ಬಂದರೆ ಸಿಗುತ್ತಾನೆ.

ಇತಿ,
ಒಬ್ಬ ಗಣಿತದ ಟೀಚರ್,
ಘಟ್ಟದ ಮೇಲಿನ ಒಂದು ಸರ್ಕಾರಿ ಪ್ರೌಢಶಾಲೆ, ಉತ್ತರ ಕನ್ನಡ